ಬಾಲದ ರೋಟರಿಗೆ ಪೆಟ್ಟು ಬಿದ್ದಾಗ

ಶಾಲೆಯ ಮೈದಾನದಲ್ಲಿ ಹೆಲಿಕಾಪ್ಟರು ಇಳಿಯಲಿದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಸುತ್ತಲಿನ ಹತ್ತಾರು ಹಳ್ಳಿಗಳ ಜನ ಬೆಳಗಿನಿಂದಲೇ ಬೇಲಿಯಾಚೆ ಬಂದು ನೆರೆಯುತ್ತಾರೆ. ಎಲ್ಲರ ದೃಷ್ಟಿಯೂ ನೆತ್ತಿಯ ಮೇಲೆ ತಿರುಗುವ ದೊಡ್ಡ ಅಲಗುಗಳ ಮೇಲೆ. ಧೂಳೆಬ್ಬಿಸುವುವು ಅವು, ತಲೆಯ ಮೇಲಿನ ಟೋಪಿಯನ್ನು ಹಾರಿಸುವುವು ಅವು, ಅಷ್ಟು ಭಾರದ ಯಂತ್ರವನ್ನು ನಿಂತ ನಿಲುವಿನಲ್ಲೇ ಎತ್ತಿಕೊಂಡು ಹೋಗುವುವೂ ಅವೇ. ಬಾಲದ ಕೊನೆಯಲ್ಲಿ, ಒಂದು ಮಗ್ಗುಲಿಗೆ, ಹೆಚ್ಚುಕಡಮೆ ಎತ್ತಿನ ಗಾಡಿಯ ಚಕ್ರದಷ್ಟೇ ಅಗಲವಾದ ಮತ್ತೊಂದು ಪುಟ್ಟ ರೋಟರು ತಿರುಗುತ್ತಿರುತ್ತದೆ. ಅದನ್ನು ಗಮನಿಸುವವರು ವಿರಳ. ತಿರುಗುವಾಗ ಅದು ಕಣ್ಣಿಗೆ ಬೀಳುವುದೂ ಕಷ್ಟ.

ಈಚೆಗೆ ಇಂಥದೊಂದು ಪುಟ್ಟ ರೋಟರನ್ನು ಬಿಚ್ಚಿ ಮೇಜಿನ ಮೇಲೆ ಹರಡಿದ್ದಾಗ ನೋಡುವ ಅವಕಾಶ ನಮಗೆ ಒದಗಿತು. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಅನಂತರ ವಿಮಾನ ನಿರ್ವಹಣೆಯ ತರಬೇತಿ ಪಡೆದ ತರುಣರೊಬ್ಬರು ಹೆಲಿಕಾಪ್ಟರುಗಳನ್ನು ಪರೀಕ್ಷಿಸುವ ಎಂಜಿನಿಯರರಾಗಿದ್ದಾರೆ. "ಸಾರ್, ನೀವು ತರಗತಿಯಲ್ಲಿ ಹೇಳುತ್ತಿದ್ದ ಕ್ರಿಯೆ, ಪ್ರತಿಕ್ರಿಯೆ, ಜಡತ್ವ ಎಲ್ಲವೂ ಇಲ್ಲಿ ಒಂದೇ ಮೇಜಿನ ಮೇಲೆ ಬಿದ್ದಿವೆ, ಬಂದು ನೋಡಿ" ಎಂದು ಅವರು ಕರೆದಾಗ ನಾವು ಇಲ್ಲವೆನ್ನಲಾಗಲಿಲ್ಲ.

ನಡೆದ ಸಂಗತಿ ಸರಳವಾದುದು. ಹಳ್ಳಿಯೊಂದರ ಮೈದಾನದಲ್ಲಿ ಇಳಿಯುವ ಮುನ್ನ ಹೆಲಿಕಾಪ್ಟರು ನೆಲದಿಂದ ಎರಡಾಳೆತ್ತರದಲ್ಲಿ ನಿಂತು ಮುಖ ತಿರುಗಿಸಿಕೊಳ್ಳುತ್ತಿತ್ತು. ಆಗ ಅದರ ಬಾಲ ಅಂಚಿನಲ್ಲಿದ್ದ ಹೊಂಗೆಯ ಮರದ ಕಡೆಗೆ ಸರಿಯಿತು. ಹೆಬ್ಬೆರಳಿಗಿಂತ ತುಸು ದಪ್ಪನೆಯ ಕೊಂಬೆಯೊಂದು ಬಾಲದ ರೋಟರಿಗೆ ಸಿಕ್ಕಿ ತುಂಡಾಯಿತು. ಚಾಲಕರಿಗೆ ಪಾದದ ಪೆಡಲುಗಳಲ್ಲಿ ಕ್ಷಣಕಾಲ ನಡುಕದ ಅನುಭವವಾಯಿತೇ ಹೊರತು ಬೇರೇನೂ ಆಗಲಿಲ್ಲ. ಯಂತ್ರವನ್ನು ಅವರು ಕ್ಷೇಮವಾಗಿ ಇಳಿಸಿದರು. ಎಂಜಿನು ನಿಂತ ಮೇಲೆ ನೋಡಿದಾಗ ಕಂಡದ್ದು ಇಷ್ಟೆ: ಒಂದು ಅಲಗಿನ ತುದಿಯಲ್ಲಿ ಬಣ್ಣ ಹೋಗಿತ್ತು, ಮುಂದಿನ ಅಂಚಿನಲ್ಲಿ ಉಗುರಿನಷ್ಟು ಅಗಲದ ಒಂದು ತಗ್ಗು ಬಿದ್ದಿತ್ತು.

ಮರುದಿನ ಆ ಹೆಲಿಕಾಪ್ಟರು ಬೇರೊಂದು ಊರಿಗೆ ಹೋಗಬೇಕಾಗಿತ್ತು. ಸ್ಥಳಕ್ಕೆ ಬಂದ ನಮ್ಮ ಎಂಜಿನಿಯರರು ಅದಕ್ಕೆ ಒಪ್ಪಲಿಲ್ಲ. ಖಾಲಿಯಾಗಿ ಹಾರಿಸಿಕೊಂಡು ಕಾರ್ಯಾಗಾರಕ್ಕೆ ತರುವುದಕ್ಕೂ ಒಪ್ಪಲಿಲ್ಲ. ಅಲಗುಗಳನ್ನು ಬಿಚ್ಚಿ, ಯಂತ್ರವನ್ನು ದೊಡ್ಡ ಲಾರಿಯ ಮೇಲೆ ಹೇರಿಸಿ ತಂದರು. ಒಂದು ಗೀರಿಗೆ ಇಷ್ಟು ಖರ್ಚೇ ಎಂದು ಯಂತ್ರದ ಮಾಲೀಕರ ಕಡೆಯವರು ಬೇಸರಪಟ್ಟುಕೊಂಡರಂತೆ. ಅವರ ಪ್ರಶ್ನೆ ಸಹಜವಾದದ್ದೆ. ಅದಕ್ಕೆ ಉತ್ತರ ಕಂಡುಕೊಳ್ಳುವುದೇ ಈ ಲೇಖನದ ಉದ್ದೇಶ.

ಬಾಲದ ರೋಟರು ಏಕೆ ಬೇಕು?

ಬೀಸುವ ಕಲ್ಲಿನ ಮುಂದೆ ಕುಳಿತವರನ್ನು ಸರಾಗವಾಗಿ ತಿರುಗುವ ಒಂದು ಮಣೆಯ ಮೇಲೆ ಕೂರಿಸಿ, ಕಲ್ಲನ್ನೂ ಆ ಮಣೆಯ ಮೇಲೆಯೇ ಇಟ್ಟೆವೆಂದು ಭಾವಿಸೋಣ. ಅವರು ಕಲ್ಲನ್ನು ಬಲಕ್ಕೆ ತಿರುಗಿಸಲು ಹೊರಟರೆ ತಾವೇ ಎಡಕ್ಕೆ ತಿರುಗತೊಡಗುತ್ತಾರೆ. ಪ್ರತಿಯೊಂದು ಕ್ರಿಯೆಗೂ ಸಮನಾದ ವಿರುದ್ಧ ಪ್ರತಿಕ್ರಿಯೆ ಉಂಟೆಂಬ ನ್ಯೂಟನ್ನನ ಮೂರನೆಯ ನಿಯಮದ ಫಲವಿದು. ಅಡುಗೆಮನೆಯಲ್ಲಿ ನೆಲ ನಮ್ಮನ್ನು ಹಿಡಿದುಕೊಂಡಿರುವುದರಿಂದ ಈ ಪ್ರತಿಕ್ರಿಯೆ ನಮಗೆ ಗೊತ್ತಾಗುವುದಿಲ್ಲ. ಆಕಾಶದಲ್ಲಿ ತೂಗುವ ಹೆಲಿಕಾಪ್ಟರನ್ನು ಹಿಡಿದುಕೊಳ್ಳಲು ನೆಲವಿಲ್ಲ. ಎಂಜಿನು ದೊಡ್ಡ ರೋಟರನ್ನು ಒಂದು ಕಡೆಗೆ ತಿರುಗಿಸಿದರೆ ಯಂತ್ರದ ಒಡಲು ಇನ್ನೊಂದು ಕಡೆಗೆ ತಿರುಗಲೇಬೇಕು.

ಇದನ್ನು ತಡೆಯಲು ಹಲವು ಉಪಾಯಗಳುಂಟು. ರಷ್ಯದ ಕಾಮೋವ್ ಹೆಲಿಕಾಪ್ಟರುಗಳಲ್ಲಿ ಒಂದರ ಮೇಲೊಂದು ಎರಡು ದೊಡ್ಡ ರೋಟರುಗಳಿದ್ದು ಪರಸ್ಪರ ವಿರುದ್ಧವಾಗಿ ತಿರುಗುತ್ತವೆ. ಆದರೆ ಹೆಚ್ಚಾಗಿ ಬಳಕೆಯಲ್ಲಿರುವುದು 1939ರ ಸೆಪ್ಟೆಂಬರ್ 14ರಂದು ಅಮೆರಿಕದಲ್ಲಿ ಈಗರ್ ಸಿಕಾರ್ಸ್ಕಿ ತಮ್ಮ ವಿಎಸ್-300 ಯಂತ್ರವನ್ನು ನೆಲದಿಂದೆತ್ತಿದಾಗ ಅನುಸರಿಸಿದ ಮಾರ್ಗ. ಬಾಲದ ಕೊನೆಯಲ್ಲಿ ಅಡ್ಡಲಾಗಿ ಒಂದು ಪುಟ್ಟ ರೋಟರನ್ನಿಟ್ಟು, ಅದರಿಂದ ಬಾಲವನ್ನು ಪಕ್ಕಕ್ಕೆ ತಳ್ಳಿಸುವುದು. ಒಡಲು ತಿರುಗದಂತೆ ಹಿಡಿಯುವುದು. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ 1965ರಿಂದ ತಯಾರಿಸಿಕೊಟ್ಟ ಚೇತಕ್ ಹೆಲಿಕಾಪ್ಟರಿನಲ್ಲಿಯೂ ಇದೇ ಏರ್ಪಾಡು. ಫ್ರೆಂಚ್ ವಿನ್ಯಾಸದ ಚೇತಕ್‌ನ ದೊಡ್ಡ ರೋಟರು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅಮೆರಿಕದ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ವಿರುದ್ಧವಾಗಿ. ದಿಕ್ಕು ಬೇರೆಯಾದರೂ ಭೌತಶಾಸ್ತ್ರ ಒಂದೇ.

ಬಾಲದ ರೋಟರು ಎಷ್ಟು ಬಲ ಹಾಕಬೇಕೆಂಬುದನ್ನು ಲೆಕ್ಕ ಮಾಡಿ ನೋಡೋಣ. ನಾವು ನೋಡಿದ್ದು ಬೆಲ್ 206 ಎಂಬ, ಲೋಕದಲ್ಲೆಲ್ಲ ಬಳಕೆಯಲ್ಲಿರುವ ಸಣ್ಣ ಹೆಲಿಕಾಪ್ಟರು. ಅದರ ದೊಡ್ಡ ರೋಟರು ನಿಮಿಷಕ್ಕೆ ಸುಮಾರು 394 ಸುತ್ತು ತಿರುಗುತ್ತದೆ. ಅದಕ್ಕೆ 230 ಕಿಲೋವಾಟು ಶಕ್ತಿ ಹೋಗುತ್ತಿದೆಯೆಂದು ಇಟ್ಟುಕೊಂಡರೆ, ಒಡಲಿನ ಮೇಲೆ ಬೀಳುವ ತಿರುಚುಬಲ ಸುಮಾರು 5,600 ನ್ಯೂಟನ್-ಮೀಟರು. ಬಾಲದ ರೋಟರು ದೊಡ್ಡ ರೋಟರಿನ ಅಕ್ಷದಿಂದ ಹತ್ತಿರ ಹತ್ತಿರ 6 ಮೀಟರು ದೂರದಲ್ಲಿದೆ. ಉದ್ದವಾದ ಸನ್ನೆಗೋಲಿನಿಂದ ದೊಡ್ಡ ಬಂಡೆಯನ್ನು ಸಣ್ಣ ಬಲದಿಂದ ಮೀಟುವಂತೆ, ಇಲ್ಲಿ 930 ನ್ಯೂಟನ್, ಎಂದರೆ ಸುಮಾರು 95 ಕಿಲೋಗ್ರಾಂ ತೂಕದಷ್ಟು ಬಲ ಸಾಕಾಗುತ್ತದೆ. ಒಬ್ಬ ದಷ್ಟಪುಷ್ಟ ಮನುಷ್ಯನ ಭಾರದಷ್ಟು ತಳ್ಳು ಬಾಲದ ಕೊನೆಯಲ್ಲಿ ಎಡೆಬಿಡದೆ ಇರಬೇಕು. ಅದು ತಟ್ಟನೆ ನಿಂತರೆ, ತೂಗಿ ನಿಂತಿರುವ ಯಂತ್ರ ಕೆಲವೇ ಕ್ಷಣಗಳಲ್ಲಿ ಬುಗುರಿಯಂತೆ ಗಿರಕಿ ಹೊಡೆಯತೊಡಗುತ್ತದೆ. ಪುಟ್ಟ ರೋಟರಿನ ಮೇಲೆ ಎಷ್ಟು ಪ್ರಾಣಗಳು ನಿಂತಿವೆಯೆಂಬುದು ಇದರಿಂದ ತಿಳಿಯದೆ ಇರದು.

ಒಂದು ಗ್ರಾಮಿನ ಭಾರವೆಷ್ಟು?

ಬಾಲದ ರೋಟರು ನಿಮಿಷಕ್ಕೆ ಸುಮಾರು 2,550 ಸುತ್ತು, ಎಂದರೆ ಸೆಕೆಂಡಿಗೆ 42 ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಅದರ ಅಡ್ಡಳತೆ 1.65 ಮೀಟರು. ಹೀಗೆ ತಿರುಗುವಾಗ ಅಲಗಿನ ತುದಿ ಸೆಕೆಂಡಿಗೆ 220 ಮೀಟರಿನಂತೆ, ಗಂಟೆಗೆ ಸುಮಾರು 800 ಕಿಲೋಮೀಟರು ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಕವಣೆಯಲ್ಲಿ ಕಲ್ಲಿಟ್ಟು ಬೀಸಿದವರಿಗೆ ಕಲ್ಲು ಹೊರಕ್ಕೆ ಎಳೆಯುವ ಅನುಭವ ಉಂಟಷ್ಟೆ. ಈ ವೇಗದಲ್ಲಿ ಅಲಗಿನ ತುದಿಯ ಪ್ರತಿಯೊಂದು ಕಣವೂ ತನ್ನ ತೂಕದ ಸುಮಾರು 6,000 ಪಟ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಆದ್ದರಿಂದ ತುದಿಯಲ್ಲಿ ಒಂದೇ ಒಂದು ಗ್ರಾಂ ಲೋಹ ಕಳೆದುಹೋದರೆ, ಎರಡು ಅಲಗುಗಳ ನಡುವಿನ ಸಮತೂಕದಲ್ಲಿ 6 ಕಿಲೋಗ್ರಾಂ ತೂಕದಷ್ಟು ವ್ಯತ್ಯಾಸವುಂಟಾಗುತ್ತದೆ. ಈ 6 ಕಿಲೋ ಒಂದೇ ಕಡೆಗೆ ಎಳೆಯುತ್ತ ನಿಂತಿರುವುದಿಲ್ಲ; ಸೆಕೆಂಡಿಗೆ 42 ಬಾರಿ ದಿಕ್ಕು ಬದಲಾಯಿಸುತ್ತ, ಬಾಲವನ್ನೂ ಬೇರಿಂಗುಗಳನ್ನೂ ಬೋಲ್ಟುಗಳನ್ನೂ ಅಲುಗಿಸುತ್ತಿರುತ್ತದೆ. ಒಂದು ಗಂಟೆಯ ಹಾರಾಟದಲ್ಲಿ ಹೀಗೆ ಅಲುಗುವುದು ಒಂದೂವರೆ ಲಕ್ಷ ಬಾರಿಗೂ ಹೆಚ್ಚು.

ಲೋಹಕ್ಕೆ ಬಳಲಿಕೆಯುಂಟೆಂಬುದನ್ನು ನಾವು ಇಲ್ಲಿ ನೆನೆಯಬೇಕು. ತಂತಿಯೊಂದನ್ನು ಒಮ್ಮೆ ಬಗ್ಗಿಸಿದರೆ ಮುರಿಯದು. ಹಿಂದಕ್ಕೂ ಮುಂದಕ್ಕೂ ಹಲವು ಬಾರಿ ಬಗ್ಗಿಸಿದರೆ ಮುರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ಎಂಬಾತ ರೈಲುಗಾಡಿಗಳ ಅಚ್ಚುಗಳನ್ನು ಲಕ್ಷಾಂತರ ಬಾರಿ ತಿರುಗಿಸಿ ಬಗ್ಗಿಸಿ ಪರೀಕ್ಷಿಸಿದ. ಒಮ್ಮೆ ಹೇರಿದರೆ ಏನೂ ಮಾಡದ ಸಣ್ಣ ಭಾರವೂ ಲಕ್ಷ ಬಾರಿ ಹೇರಿದಾಗ ಉಕ್ಕನ್ನು ಮುರಿಯಬಲ್ಲುದೆಂದು ತೋರಿಸಿಕೊಟ್ಟ. ಮೊದಲು ಮೇಲ್ಮೈಯಲ್ಲಿ ಎಲ್ಲೋ ಒಂದು ಗೀರಿನ ಬಳಿ, ಒಂದು ರಂಧ್ರದ ಅಂಚಿನಲ್ಲಿ, ಕೂದಲೆಳೆಗಿಂತ ತೆಳುವಾದ ಬಿರುಕು ಹುಟ್ಟುತ್ತದೆ. ಪ್ರತಿಯೊಂದು ಅಲುಗಾಟಕ್ಕೂ ಅದು ಇಷ್ಟಿಷ್ಟೇ ಬೆಳೆಯುತ್ತದೆ. ಉಳಿದ ಲೋಹ ಭಾರ ತಾಳಲಾರದಾದ ದಿನ ಒಂದೇ ಏಟಿಗೆ ಮುರಿಯುತ್ತದೆ. ಹಾಗೆ ಮುರಿದಾಗ ಯಂತ್ರ ನೆಲದ ಮೇಲೆಯೇ ಇರಬೇಕೆಂಬ ನಿಯಮವೇನೂ ಇಲ್ಲ.

ಪೆಟ್ಟಿನ ದಾರಿ

ಕೊಂಬೆ ತಗುಲಿದ್ದು ಅಲಗಿನ ತುದಿಗೆ. ಹಾಗಾದರೆ ಅಲಗನ್ನು ಬದಲಾಯಿಸಿದರೆ ಸಾಲದೆ? ಸಾಲದು. ಬಾಲದ ರೋಟರು ಒಂಟಿಯಾದುದಲ್ಲ. ಎಂಜಿನಿನ ಕಡೆಯಿಂದ ಹೊರಟ ಒಂದು ಉದ್ದನೆಯ ಶಾಫ್ಟು ಬಾಲದ ಮೇಲುಭಾಗದಲ್ಲಿ ಸಾಗಿ ಬಂದು, ಕೊನೆಯಲ್ಲಿರುವ ಗೇರುಪೆಟ್ಟಿಗೆಯನ್ನು ಸೇರುತ್ತದೆ. ಆ ಶಾಫ್ಟು ತಿರುಗುವುದು ನಿಮಿಷಕ್ಕೆ ಸುಮಾರು 6,000 ಸುತ್ತು. ಗೇರುಪೆಟ್ಟಿಗೆ ಆ ತಿರುಗುವಿಕೆಯ ದಿಕ್ಕನ್ನು ಲಂಬಕೋನದಲ್ಲಿ ಬದಲಿಸಿ, ವೇಗವನ್ನು 2.35ರಲ್ಲಿ ಒಂದು ಪಾಲಿಗೆ ತಗ್ಗಿಸಿ ರೋಟರಿಗೆ ಕೊಡುತ್ತದೆ. ಶಾಫ್ಟಿನ ಮುಂದಿನ ತುದಿ ದೊಡ್ಡ ರೋಟರಿನ ಗೇರುಗಳೊಡನೆಯೂ ಕೂಡಿಕೊಂಡಿದೆ. ಎಂಜಿನು ಕೆಟ್ಟು ನಿಂತರೂ ಗಾಳಿಗೆ ತಿರುಗುವ ದೊಡ್ಡ ರೋಟರೇ ಬಾಲದ ರೋಟರನ್ನು ತಿರುಗಿಸುತ್ತಿರಲೆಂದು ಹೀಗೆ ಮಾಡಿದ್ದಾರೆ. ಜಾಣತನದ ಏರ್ಪಾಡೇ ಸರಿ. ಆದರೆ ಇದರಿಂದಾಗಿ ಬಾಲಕ್ಕೆ ಬಿದ್ದ ಪೆಟ್ಟು ನೆತ್ತಿಯವರೆಗೂ ಹೋಗಲು ದಾರಿಯುಂಟು.

ಕೊಂಬೆ ಸಿಕ್ಕ ಕ್ಷಣದಲ್ಲಿ ಏನಾಯಿತೆಂಬುದನ್ನು ಕಲ್ಪಿಸಿಕೊಳ್ಳೋಣ. ರೋಟರಿನ ವೇಗ ಸೆಕೆಂಡಿನ ನೂರರಲ್ಲೊಂದು ಪಾಲಿನ ಅವಧಿಯಲ್ಲಿ ಇಪ್ಪತ್ತರಲ್ಲೊಂದು ಭಾಗ ತಗ್ಗಿತೆನ್ನೋಣ. ಆ ಅಲ್ಪಾವಧಿಯಲ್ಲಿ ಎಂಜಿನಿಗಾಗಲಿ ಭಾರವಾದ ದೊಡ್ಡ ರೋಟರಿಗಾಗಲಿ ಈ ಸುದ್ದಿ ಮುಟ್ಟಿರುವುದಿಲ್ಲ. ಜಡತ್ವದಿಂದ ಅವು ಹಿಂದಿನ ವೇಗದಲ್ಲಿಯೇ ಮುಂದುವರಿಯುತ್ತವೆ. ಇತ್ತ ಬಾಲದ ರೋಟರು ತಾನಿರಬೇಕಾದ ಸ್ಥಾನಕ್ಕಿಂತ ಸುಮಾರು ನಾಲ್ಕು ಡಿಗ್ರಿ ಹಿಂದೆ ಬೀಳುತ್ತದೆ. ಗೇರಿನ ಆಚೆ, ಶಾಫ್ಟಿನಲ್ಲಿ, ಇದು ಒಂಬತ್ತು ಡಿಗ್ರಿಯಾಗುತ್ತದೆ. ಮುಂದಿನ ತುದಿ ಹೋಗು ಎನ್ನುತ್ತದೆ, ಹಿಂದಿನ ತುದಿ ನಿಲ್ಲು ಎನ್ನುತ್ತದೆ. ಒದ್ದೆಬಟ್ಟೆಯನ್ನು ಇಬ್ಬರು ಎರಡು ಕಡೆ ಹಿಡಿದು ಹಿಂಡುವಂತೆ ನಡುವಿನ ಶಾಫ್ಟು ತಿರುಚಿಕೊಳ್ಳುತ್ತದೆ. ಕೊಂಬೆ ತುಂಡಾದೊಡನೆ ಅದು ಮತ್ತೆ ಬಿಚ್ಚಿಕೊಳ್ಳುತ್ತದೆ. ಒಂದು ಭಾಗ ಎಷ್ಟು ತಾಳಿಕೊಂಡಿತೆಂಬುದು ಆ ಭಾಗದ ಆಕಾರವನ್ನೂ ಲೋಹವನ್ನೂ ವಯಸ್ಸನ್ನೂ ಅವಲಂಬಿಸಿದೆ. ಕೊಂಬೆ ತಗುಲಿದ ಜಾಗದಲ್ಲಿಯೇ ಎಲ್ಲಕ್ಕಿಂತ ಹೆಚ್ಚು ಹಾನಿಯಾಗಬೇಕೆಂದೇನೂ ಇಲ್ಲ. ಸರಪಣಿಯನ್ನು ಎಲ್ಲಿ ಎಳೆದರೂ ಕೊಂಡಿ ಕಳಚುವುದು ದುರ್ಬಲವಾದೆಡೆಯಲ್ಲಿ.

ಹೆಲಿಕಾಪ್ಟರುಗಳನ್ನು ತಯಾರಿಸುವವರು ಇದನ್ನು ಬಲ್ಲರು. ಆದ್ದರಿಂದಲೇ ನಿರ್ವಹಣೆಯ ಕೈಪಿಡಿಯಲ್ಲಿ ನಿತ್ಯದ ಪರೀಕ್ಷೆಗಳಲ್ಲದೆ ವಿಶೇಷ ಪರೀಕ್ಷೆಗಳಿಗೆಂದು ಪ್ರತ್ಯೇಕ ಭಾಗವಿರುತ್ತದೆ. ಯಂತ್ರ ಜೋರಾಗಿ ನೆಲಕ್ಕೆ ಕುಕ್ಕಿದರೆ, ರೋಟರು ಮಿತಿಮೀರಿದ ವೇಗದಲ್ಲಿ ತಿರುಗಿದರೆ, ಅಲಗಿಗೆ ಏನಾದರೂ ತಗುಲಿ ತಟ್ಟನೆ ತಡೆಯುಂಟಾದರೆ, ಯಾವ ಯಾವ ಭಾಗಗಳನ್ನು ಬಿಚ್ಚಬೇಕು, ಯಾವುದನ್ನು ಅಳೆಯಬೇಕು, ಯಾವುದನ್ನು ನೋಡದೆಯೇ ಎಸೆಯಬೇಕು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ಕಂಡದ್ದು ಗೀರೇ ಆದರೂ ಎಂಜಿನಿಯರರು ಆ ಪಟ್ಟಿಯ ಕೊನೆಯ ಸಾಲಿನವರೆಗೂ ಹೋಗಬೇಕು.

ಅಲಗಿನಿಂದ ಶಾಫ್ಟಿನವರೆಗೆ

ನಾವು ಹೋದಾಗ ಮೊದಲ ಸರದಿ ಅಲಗಿನದಾಗಿತ್ತು. ಈ ಅಲಗು ಗಟ್ಟಿ ಲೋಹದ ಹಲಗೆಯಲ್ಲ. ಒಳಗೆ ಜೇನುಗೂಡಿನಂತಹ ಹಗುರವಾದ ಅಲ್ಯೂಮಿನಿಯಮ್ಮಿನ ತಿರುಳು. ಅದರ ಎರಡು ಕಡೆಗೂ ಅಂಟಿಸಿದ ತೆಳು ತಗಡು. ಪೆಟ್ಟಿಗೆ ತಗಡು ತಿರುಳಿನಿಂದ ಬಿಟ್ಟುಕೊಂಡಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಎಂಜಿನಿಯರರು ನಾಣ್ಯದಂಥ ಒಂದು ಲೋಹದ ಬಿಲ್ಲೆಯನ್ನು ಹಿಡಿದು, ಅಲಗಿನ ಉದ್ದಕ್ಕೂ ಅಂಗುಲ ಅಂಗುಲಕ್ಕೆ ತಟ್ಟುತ್ತ ಹೋದರು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವುದಿಲ್ಲವೆ? ಅದೇ ವಿದ್ಯೆ. ಅಂಟು ಗಟ್ಟಿಯಾಗಿದ್ದಲ್ಲಿ ಸದ್ದು ಸ್ಪಷ್ಟವಾಗಿ ಖಣಿಲ್ಲೆನ್ನುತ್ತದೆ. ಬಿಟ್ಟುಕೊಂಡಲ್ಲಿ ಮಂಕಾಗಿ ಬದ್ದೆನ್ನುತ್ತದೆ. ತಗ್ಗಿನ ಹಿಂದೆ ಎರಡು ಬೆರಳಗಲದ ಜಾಗದಲ್ಲಿ ಸದ್ದು ಮಂಕಾಯಿತು. ಆ ಅಲಗು ಅಲ್ಲಿಗೆ ಮುಗಿದಂತೆಯೇ.

ಅನಂತರ ಅಲಗುಗಳೆರಡನ್ನೂ ಹಿಡಿದಿರುವ ನಾಭಿ. ಗೀರಿನಷ್ಟೂ ಕಾಣದ ಬಿರುಕನ್ನು ಕಾಣಿಸುವ ಉಪಾಯ ಸೊಗಸಾದದ್ದು. ಭಾಗವನ್ನು ಚೆನ್ನಾಗಿ ತೊಳೆದು, ಕೆಂಪು ಬಣ್ಣದ ತೆಳು ದ್ರವವನ್ನು ಸವರಿ ಸ್ವಲ್ಪ ಹೊತ್ತು ಬಿಡುತ್ತಾರೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಬಿರುಕು ಆ ದ್ರವವನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಮೇಲಿನ ಬಣ್ಣವನ್ನು ಒರಸಿ, ಬಿಳಿಯ ಪುಡಿಯನ್ನು ಉದುರಿಸಿದರೆ, ಒಳಗಡಗಿದ್ದ ಬಣ್ಣ ಪುಡಿಗೆ ಏರಿ ಬಂದು ಬಿಳಿಯ ಮೇಲೆ ಕೆಂಪು ಗೆರೆಯಾಗಿ ಮೂಡುತ್ತದೆ. ನಮ್ಮೆದುರಿನ ನಾಭಿಯಲ್ಲಿ ಯಾವ ಗೆರೆಯೂ ಮೂಡಲಿಲ್ಲ.

ಅಲಗುಗಳ ಓರೆಯನ್ನು ಬದಲಿಸುವ ಕಡ್ಡಿಗಳೂ ಅವುಗಳ ಕೀಲುಗಳೂ ಮುಂದಿನವು. ಚಾಲಕರ ಪೆಡಲು ಒತ್ತಿದರೆ ಬಾಲದ ತಳ್ಳು ಹೆಚ್ಚುಕಡಮೆಯಾಗುವುದು ಈ ಕಡ್ಡಿಗಳಿಂದ. ಅವು ಕಿರುಬೆರಳ ಗಾತ್ರದವು. ಅವು ಬಾಗಿದರೆ, ಅವುಗಳ ಬೇರಿಂಗು ಬಿಗಿದುಕೊಂಡರೆ, ರೋಟರು ತಿರುಗುತ್ತಿದ್ದರೂ ಅದರ ಮೇಲೆ ಚಾಲಕರಿಗೆ ಹಿಡಿತ ತಪ್ಪುತ್ತದೆ.

ಗೇರುಪೆಟ್ಟಿಗೆಯ ತಳದಲ್ಲಿ ಅಯಸ್ಕಾಂತದ ಒಂದು ಬಿರಡೆಯಿದೆ. ಗೇರಿನ ಹಲ್ಲು ಸವೆದು ಉಕ್ಕಿನ ಚೂರುಗಳು ಎಣ್ಣೆಯಲ್ಲಿ ಬಿದ್ದರೆ ಅವು ಬಂದು ಇದಕ್ಕೆ ಅಂಟಿಕೊಂಡು, ವಿದ್ಯುತ್ತಿನ ಹಾದಿ ಕೂಡಿ, ಚಾಲಕರ ಮುಂದೆ ದೀಪ ಹೊತ್ತಿಕೊಳ್ಳುತ್ತದೆ. ಬಿರಡೆ ಶುಭ್ರವಾಗಿತ್ತು. ಆದರೂ ಪೆಟ್ಟಿಗೆಯನ್ನು ಬಿಚ್ಚಿದರು. ಪೆಟ್ಟು ಬಿದ್ದ ಕೆಲವೇ ಕ್ಷಣಗಳಲ್ಲಿ ಯಂತ್ರ ನಿಂತುಹೋಗಿರುವಾಗ ಚೂರುಗಳುದುರಲು ಸಮಯವಾದರೂ ಎಲ್ಲಿತ್ತು? ಉಕ್ಕಿನ ಗೇರುಗಳಿಗೆ ಬೇರೊಂದು ಪರೀಕ್ಷೆ: ಅವನ್ನು ಅಯಸ್ಕಾಂತವಾಗಿ ಮಾಡಿ, ಕಬ್ಬಿಣದ ನುಣ್ಣನೆಯ ಪುಡಿ ಬೆರೆತ ದ್ರವವನ್ನು ಹರಿಸುತ್ತಾರೆ. ಲೋಹ ಅಖಂಡವಾಗಿದ್ದರೆ ಕಾಂತರೇಖೆಗಳು ಒಳಗೇ ಸಾಗುತ್ತವೆ. ಬಿರುಕಿದ್ದರೆ ಅಲ್ಲಿ ಹೊರಕ್ಕೆ ಚಿಮ್ಮಿ ಪುಡಿಯನ್ನು ಸೆಳೆಯುತ್ತವೆ. ಕಾಗದದ ಮೇಲೆ ಕಬ್ಬಿಣದ ಪುಡಿ ಚೆಲ್ಲಿ ಕಾಂತರೇಖೆಗಳನ್ನು ತೋರಿಸುವ ನಮ್ಮ ತರಗತಿಯ ಪ್ರಯೋಗ ಇಲ್ಲಿ ಜೀವ ಉಳಿಸುವ ಕಾರ್ಯ ಮಾಡುತ್ತಿರುವುದನ್ನು ಕಂಡು ನಮಗೆ ಸಂತೋಷವಾಯಿತು.

ಬೇರಿಂಗುಗಳ ವಿಚಾರ ಇನ್ನೂ ಸೂಕ್ಷ್ಮವಾದುದು. ಲೋಹದ ಗಡಸುತನವನ್ನು ಅಳೆಯಲು ಸ್ವೀಡನ್ನಿನ ಬ್ರಿನೆಲ್ 1900ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು: ಗಟ್ಟಿಯಾದ ಉಕ್ಕಿನ ಗುಂಡನ್ನು ಲೋಹದ ಮೇಲಿಟ್ಟು ಒತ್ತಿ, ಬಿದ್ದ ಕುಳಿಯನ್ನು ಅಳೆಯುವುದು. ರೋಟರಿಗೆ ಪೆಟ್ಟು ಬಿದ್ದಾಗ ಬೇರಿಂಗು ತನ್ನ ಮೇಲೆ ತಾನೇ ಈ ಪ್ರಯೋಗವನ್ನು ಮಾಡಿಕೊಳ್ಳಬಹುದು. ಒಳಗಿನ ಗುಂಡುಗಳು ತಮ್ಮ ಹಾದಿಯಲ್ಲಿ ಚಿಕ್ಕ ಚಿಕ್ಕ ಕುಳಿಗಳನ್ನು ಒತ್ತಿಬಿಡುತ್ತವೆ. ಬರಿಗಣ್ಣಿಗೆ ಅವು ಕಾಣುವುದು ಅಪರೂಪ. ಆದರೆ ಮುಂದೆ ಪ್ರತಿ ಸುತ್ತಿನಲ್ಲಿಯೂ ಗುಂಡು ಆ ಕುಳಿಗೆ ಇಳಿದು ಹತ್ತಿ, ಕುಳಿಯ ಅಂಚು ಉದುರಿ, ಬೇರಿಂಗು ಬಿಸಿಯಾಗಿ, ಕಡೆಗೆ ಬಿಗಿದುಕೊಳ್ಳುತ್ತದೆ. ಬಾಲದ ಬೇರಿಂಗು ಬಿಗಿದುಕೊಂಡರೆ ಏನಾಗುತ್ತದೆಂಬುದಕ್ಕೆ ಉದಾಹರಣೆಗಳಿವೆ. ಎರಡನ್ನು ಹೇಳುತ್ತೇವೆ, ಅವೆರಡೂ ಅಲಗಿಗೆ ಏನೋ ತಗುಲಿದ್ದರಿಂದ ಆದವಲ್ಲ, ಬೇರಿಂಗು ಬೇರೆ ಕಾರಣಗಳಿಂದ ಕೆಟ್ಟು ಆದವು.

2018ರ ಅಕ್ಟೋಬರ್ 27ರಂದು ಇಂಗ್ಲೆಂಡಿನ ಲೆಸ್ಟರ್ ನಗರದ ಕಾಲ್ಚೆಂಡಿನ ಕ್ರೀಡಾಂಗಣದಿಂದ ಮೇಲೆದ್ದ ಹೆಲಿಕಾಪ್ಟರೊಂದು ಗಿರಕಿ ಹೊಡೆದು ಬಿದ್ದು, ಅದರಲ್ಲಿದ್ದ ಐವರೂ ಮಡಿದರು. ಬಾಲದ ರೋಟರನ್ನು ನಿಯಂತ್ರಿಸುವ ಭಾಗದ ಒಂದು ಬೇರಿಂಗು ಬಿಗಿದುಕೊಂಡದ್ದೇ ಮೂಲವೆಂದು ತನಿಖೆಯಿಂದ ತಿಳಿಯಿತು. ಅದಕ್ಕೆ ಮೊದಲು, 2016ರ ಡಿಸೆಂಬರ್ 28ರಂದು, ಉತ್ತರ ಸಮುದ್ರದ ವೆಸ್ಟ್ ಫ್ರಾಂಕ್ಲಿನ್ ಎಂಬ ಬಾವಿಕಟ್ಟೆಯ ಮೇಲೆ ಇಳಿಯುತ್ತಿದ್ದ ಸಿಕಾರ್ಸ್ಕಿ ಎಸ್-92 ಹೆಲಿಕಾಪ್ಟರು ಇಂಥದೇ ಬೇರಿಂಗಿನ ದೋಷದಿಂದ ಹಿಡಿತ ತಪ್ಪಿ ಕಟ್ಟೆಯ ಮೇಲೆಯೇ ತಿರುಗಿತು. ದೈವವಶಾತ್ ಯಾರಿಗೂ ಗಾಯವಾಗಲಿಲ್ಲ. ಈ ಎರಡನೆಯ ಪ್ರಸಂಗದಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಆ ಯಂತ್ರದಲ್ಲಿ ಕಂಪನಗಳನ್ನು ದಾಖಲಿಸುವ ಉಪಕರಣವಿತ್ತು. ಬೇರಿಂಗು ಕೆಡುತ್ತಿದೆಯೆಂಬ ಸೂಚನೆಯನ್ನು ಅದು ಮೊದಲೇ ಬರೆದಿಟ್ಟಿತ್ತು. ನೆಲದ ಮೇಲೆ ಆ ದಾಖಲೆಯನ್ನು ಪರಿಶೀಲಿಸಿದಾಗ ಸೂಚನೆ ಕಣ್ತಪ್ಪಿಹೋಯಿತು. ಉಪಕರಣ ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಹೇಳಿದ್ದನ್ನು ಓದುವ ಕಣ್ಣು ಬೇಕು.

ಕಡೆಯ ಜೋಡಣೆ

ಮಧ್ಯಾಹ್ನದ ಹೊತ್ತಿಗೆ ಪರೀಕ್ಷೆ ಶಾಫ್ಟಿಗೆ ಬಂದಿತು. ಇದು ಒಂದೇ ಸಲಾಕೆಯಲ್ಲ. ಹಲವು ಕೊಳವೆಗಳನ್ನು ತುದಿಗೆ ತುದಿ ಸೇರಿಸಿ ಮಾಡಿದ್ದು. ಹಾರಾಟದಲ್ಲಿ ಬಾಲ ತುಸು ಬಾಗುತ್ತದೆ. ಅದರೊಡನೆ ಶಾಫ್ಟೂ ಬಾಗಬೇಕಲ್ಲವೆ? ಅದಕ್ಕಾಗಿ ಪ್ರತಿಯೊಂದು ಸೇರುವೆಯಲ್ಲಿ ಕಾಗದದಂತೆ ತೆಳುವಾದ ಉಕ್ಕಿನ ಬಿಲ್ಲೆಗಳ ಕಟ್ಟೊಂದನ್ನು ಇಟ್ಟಿದ್ದಾರೆ. ತಿರುಗುವ ಬಲವನ್ನು ಇವು ಪೂರ್ಣವಾಗಿ ದಾಟಿಸುತ್ತವೆ. ಬಾಗುವಿಕೆಗೆ ಮಾತ್ರ ಬಳುಕುತ್ತವೆ.

ಎಂಜಿನಿಯರರು ಕೊಳವೆಗಳನ್ನು ಒಂದೊಂದಾಗಿ ಎರಡು ಆಧಾರಗಳ ಮೇಲಿಟ್ಟು ನಿಧಾನವಾಗಿ ಉರುಳಿಸಿದರು. ಕೊಳವೆಗೆ ತಾಗಿಸಿದ್ದ ಅಳತೆಯ ಮುಳ್ಳು ಅಲುಗಲಿಲ್ಲ, ಎಂದರೆ ಸೊಟ್ಟಗಾಗಿರಲಿಲ್ಲ. ಅನಂತರ ಬಿಲ್ಲೆಗಳ ಕಟ್ಟುಗಳನ್ನು ಬಿಚ್ಚಿ, ಹತ್ತು ಪಟ್ಟು ಹಿಗ್ಗಿಸುವ ಮಸೂರದ ಕೆಳಗೆ ಹಿಡಿದರು. ಬಾಲದ ಗೇರುಪೆಟ್ಟಿಗೆಯ ಬಳಿಯ ಕಟ್ಟು ಸರಿಯಾಗಿತ್ತು. ಅದರ ಮುಂದಿನದೂ ಸರಿಯಾಗಿತ್ತು. ಹೀಗೆ ಮುಂದುಮುಂದಕ್ಕೆ ಬಂದು, ಎಂಜಿನಿಗೆ ಸಮೀಪವಿದ್ದ ಒಂದು ಕಟ್ಟನ್ನು ನೋಡುವಾಗ ಅವರು ಬಹಳ ಹೊತ್ತು ಮಸೂರವನ್ನು ತೆಗೆಯಲಿಲ್ಲ. ಬಳಿಕ ಏನೂ ಹೇಳದೆ ನಮ್ಮ ಕೈಗೆ ಕೊಟ್ಟರು. ಒಂದು ಬಿಲ್ಲೆಯಲ್ಲಿ, ಬೋಲ್ಟಿನ ರಂಧ್ರದ ಅಂಚಿನಿಂದ ಹೊರಟು, ಅಕ್ಕಿಕಾಳಿನ ಅರ್ಧದಷ್ಟು ಉದ್ದದ ಒಂದು ಕಪ್ಪು ಗೆರೆಯಿತ್ತು. ಕೊಂಬೆ ತಗುಲಿದ ಅಲಗಿಗೂ ಆ ಗೆರೆಗೂ ನಡುವೆ ಸುಮಾರು ನಾಲ್ಕು ಮೀಟರು ದೂರ.

ಈ ಬಿಲ್ಲೆ ಶಾಫ್ಟಿನೊಡನೆ ಗಂಟೆಗೆ 3,60,000 ಬಾರಿ ಸುತ್ತುತ್ತದೆ. ಬಾಲ ಬಾಗಿದಾಗ ಅಷ್ಟೂ ಬಾರಿ ಬಳುಕುತ್ತದೆ. ಬಳುಕಿದಂತೆಲ್ಲ ಗೆರೆ ಬೆಳೆಯುವುದು. ಒಂದು ಬಿಲ್ಲೆ ಸೀಳಿದರೆ ಅದರ ಪಾಲಿನ ಭಾರ ಪಕ್ಕದವುಗಳ ಮೇಲೆ ಬೀಳುವುದು. ಕಟ್ಟು ಪೂರ್ತಿ ಹರಿದ ಗಳಿಗೆಯಲ್ಲಿ ಬಾಲದ ರೋಟರಿಗೆ ಬರುವ ಶಕ್ತಿ ನಿಂತು, ನಾವು ಮೊದಲು ಹೇಳಿದ ಆ 95 ಕಿಲೋ ತಳ್ಳು ಇಲ್ಲವಾಗುವುದು. ಮರುದಿನವೇ ಹೀಗಾಗುತ್ತಿತ್ತೆಂದು ಹೇಳುವಂತಿಲ್ಲ. ಆಗುತ್ತಿರಲಿಲ್ಲವೆಂದು ಹೇಳುವವರೂ ಇಲ್ಲ.

"ಈ ಬಿರುಕು ಅಂದಿನ ಪೆಟ್ಟಿನಿಂದಲೇ ಆದದ್ದೋ ಅಥವಾ ಮೊದಲೇ ಇದ್ದದ್ದೋ?" ಎಂದು ನಾವು ಕೇಳಿದೆವು.

"ಅದು ಗೊತ್ತಾಗುವುದಿಲ್ಲ, ಸಾರ್" ಎಂದರು ಅವರು. "ಎರಡರಲ್ಲಿ ಯಾವುದಾದರೂ ನಾನು ಮಾಡುವ ಕೆಲಸ ಒಂದೇ. ಆ ಕೊಂಬೆಯ ದೆಸೆಯಿಂದ ಬಿಚ್ಚಿ ನೋಡಿದೆವು. ಇಲ್ಲದಿದ್ದರೆ ಇದು ಇಂದು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ."

ಈ ಉತ್ತರ ನಮಗೆ ಮೆಚ್ಚಿಗೆಯಾಯಿತು. ತನಗೆ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದರ ನಡುವೆ ಗೆರೆಯೆಳೆದು ಮಾತನಾಡುವುದೇ ವಿಜ್ಞಾನದ ರೀತಿ.

ಕೆಟ್ಟ ಭಾಗಗಳನ್ನು ಬದಲಾಯಿಸಿ ಎಲ್ಲವನ್ನೂ ಮತ್ತೆ ಜೋಡಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಯಂತ್ರವನ್ನು ನೆಲದ ಮೇಲೆಯೇ ಚಾಲೂ ಮಾಡಿ, ಬಾಲದ ಗೇರುಪೆಟ್ಟಿಗೆಗೆ ಕಂಪನಮಾಪಕವನ್ನು ಕಟ್ಟಿ, ರೋಟರಿನ ಸಮತೂಕವನ್ನು ನೋಡಬೇಕು. ಕಂಪನ ಮಿತಿಯೊಳಗೆ ಬರುವವರೆಗೆ ನಾಭಿಯಲ್ಲಿ ಒಂದೊಂದು ಗ್ರಾಮಿನ ಲೆಕ್ಕದಲ್ಲಿ ಭಾರವನ್ನು ಸೇರಿಸುತ್ತ ತೆಗೆಯುತ್ತ ಹೋಗಬೇಕು. ಕೊನೆಯಲ್ಲಿ ಯಂತ್ರದ ದಾಖಲೆಯ ಪುಸ್ತಕದಲ್ಲಿ ಮಾಡಿದ ಕೆಲಸವನ್ನೆಲ್ಲ ಬರೆದು, ಎಂಜಿನಿಯರರು ಕೆಳಗೆ ತಮ್ಮ ಹೆಸರು ಬರೆದು ಸಹಿ ಮಾಡುತ್ತಾರೆ. ಆ ಸಹಿಯಿಲ್ಲದೆ ಯಂತ್ರ ಏಳುವಂತಿಲ್ಲ. ಅದನ್ನು ನಂಬಿ ಒಳಗೆ ಕುಳಿತುಕೊಳ್ಳುವವರು ಅವರ ಮುಖವನ್ನು ಎಂದೂ ನೋಡಿರುವುದಿಲ್ಲ.

ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ನಿಮ್ಮೂರಿನ ಮೈದಾನದಲ್ಲಿ ಹೆಲಿಕಾಪ್ಟರು ಇಳಿದಾಗ ಮಕ್ಕಳನ್ನು ಅದರ ಹಿಂಭಾಗಕ್ಕೆ ಎಂದಿಗೂ ಬಿಡಬೇಡಿ. ತಿರುಗುತ್ತಿರುವ ಬಾಲದ ರೋಟರು ಕಣ್ಣಿಗೆ ಕಾಣದು. ಅದು ಮನುಷ್ಯನ ಎತ್ತರದಲ್ಲಿಯೇ ಇರುವುದುಂಟು. ಅಲಗುಗಳೆಲ್ಲ ಪೂರ್ಣವಾಗಿ ನಿಲ್ಲುವವರೆಗೆ ದೂರದಲ್ಲೇ ಇರಿ. ಹತ್ತಿರ ಹೋಗಲು ಹೇಳಿದಾಗಲೂ ಚಾಲಕರ ಕಣ್ಣೆದುರಿನಲ್ಲಿ ಮುಂದಿನಿಂದಲೇ ಹೋಗಿ. ಇಳಿಯುವ ಜಾಗದ ಸುತ್ತ ಚಾಚಿಕೊಂಡ ಕೊಂಬೆಗಳನ್ನು ಮೊದಲೇ ಸವರಿಸಿದರೆ ಇನ್ನೂ ಒಳ್ಳೆಯದು. ಹೆಬ್ಬೆರಳು ದಪ್ಪದ ಒಂದು ಹೊಂಗೆಯ ಕೊಂಬೆ ಎಷ್ಟು ದೂರ ಹೋಗಿ ಮುಟ್ಟಬಲ್ಲುದೆಂಬುದನ್ನು ನಾವು ಮಸೂರದ ಕೆಳಗೆ ಕಂಡಿದ್ದೇವೆ.